ಬೆಳಿಗ್ಗೆ 11ಕ್ಕೆ ಅಳೆದ ಆಮ್ಲಜನಕ ಯಾರಿಗೆ ಬೇಕು? ವಿದ್ಯಾರ್ಥಿಗಳ ಕೆರೆ ಸಮೀಕ್ಷೆ ಬಗ್ಗೆ ಚರ್ಚೆ

ಲ್ಯಾಬ್‌ಮೇಡಂ:
ಯಲಹಂಕ ಕಡೆಯ ಒಂದು ಕೆರೆ. ಬಿಎಸ್ಸಿ ಎರಡನೇ ವರ್ಷದ 24 ಮಕ್ಕಳು, ಒಂದು ಸೆಮಿಸ್ಟರ್, ಕೈಯಲ್ಲಿ 25 ಸಾವಿರ ರೂಪಾಯಿ. ಕೆರೆಗೆ ಒಂದು ಕಡೆಯಿಂದ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ನೀರು, ಇನ್ನೊಂದು ಕಡೆಯಿಂದ ರಾಜಕಾಲುವೆ. ನಮ್ಮ ಪ್ಲಾನ್: 8 ಜಾಗ, ತಿಂಗಳಿಗೊಂದು ಶನಿವಾರ ಬೆಳಿಗ್ಗೆ 11ಕ್ಕೆ, 12 ಅಳತೆ (ಪಿಎಚ್, ಕರಗಿದ ಲವಣ ಅಂದರೆ ಟಿಡಿಎಸ್, ಕರಗಿದ ಆಮ್ಲಜನಕ ಅಂದರೆ ಡಿಒ, ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಎರಡು ಅಳತೆಗಳಾದ ಬಿಒಡಿ, ಸಿಒಡಿ, ನೈಟ್ರೇಟ್, ಫಾಸ್ಫೇಟ್, ಅಮೋನಿಯಾ, ಗಡಸುತನ, ಕ್ಲೋರೈಡ್, ಕದಡು, ಮಲದ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ). ಕೆರೆ ಸಮಿತಿಯವರು ‘ನಮಗೂ ಒಂದು ರಿಪೋರ್ಟ್ ಕೊಡಿ’ ಅಂದಿದ್ದಾರೆ. ಎಲ್ಲಿ ಎಡವುತ್ತಿದ್ದೇವೆ, ನೇರವಾಗಿ ಹೇಳಿ.

ಕೋಡಿಕಲ್ಲು:
11 ಗಂಟೆ ಅನ್ನೋದೇ ಮೊದಲ ತಪ್ಪು ಮೇಡಂ. ಹಸಿರುಗಟ್ಟಿದ ಕೆರೆಯಲ್ಲಿ ಪಾಚಿ ಹಗಲೆಲ್ಲ ಆಮ್ಲಜನಕ ಬಿಡುತ್ತೆ. ರಾತ್ರಿ ಅದೇ ಪಾಚಿ, ಬ್ಯಾಕ್ಟೀರಿಯಾ, ಮೀನು ಎಲ್ಲ ಸೇರಿ ಅದನ್ನ ಖಾಲಿ ಮಾಡ್ತವೆ. ಮಧ್ಯಾಹ್ನ 2ಕ್ಕೆ ಲೀಟರಿಗೆ 12 ಮಿಲಿಗ್ರಾಂ ತೋರಿಸೋ ನೀರು ಬೆಳಗಿನ ಜಾವ 1ಕ್ಕೆ ಇಳಿದಿರಬಹುದು. 11ಕ್ಕೆ ಹೋದ್ರೆ ಏರುದಾರಿ ಮಧ್ಯದಲ್ಲಿ ಸಿಗುತ್ತೆ. 6 ಅಂತ ಬರುತ್ತೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೀನುಗಾರಿಕೆಗೆ ಇಟ್ಟಿರೋ ‘ಡಿ’ ದರ್ಜೆಗೆ 4 ಸಾಕು, ಕೆರೆ ಪಾಸು ಅಂತ ಮಕ್ಕಳು ಬರೀತಾರೆ. ಮೀನಿಗೆ ಉಸಿರು ಕಟ್ಟೋದು ಬೆಳಗಿನ ಜಾವ.

ತಿಂಗಳಿಗೊಂದು ಮಾದರಿ ತೆಗೆದು ದರ್ಜೆ ಕೊಡೋ ಕೆಲಸ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಮಾಡ್ತಾನೇ ಇದೆ. ಅದನ್ನೇ ಕಮ್ಮಿ ಸಲಕರಣೆಯಲ್ಲಿ ಇನ್ನೊಂದ್ಸಲ ಮಾಡೋದ್ಯಾಕೆ? ಮಂಡಳಿ ಹತ್ರ ಇಲ್ಲದೇ ಇರೋದು 24 ಜೊತೆ ಕಾಲು. 8 ಜಾಗ 3ಕ್ಕೆ ಇಳಿಸಿ: ಕಾಲುವೆ ಬಾಯಿ, ತೂಬಿನ ಹತ್ರ, ಕೋಡಿ. 12 ಅಳತೆ ಬಿಟ್ಟು 5 ಹಿಡೀರಿ: ತಾಪಮಾನ, ಪಿಎಚ್, ಇಸಿ (ನೀರಿನ ವಿದ್ಯುತ್ ವಾಹಕತೆ), ಡಿಒ, ಅಮೋನಿಯಾ. ವಾರಕ್ಕೊಂದು ದಿನ, ಸೂರ್ಯ ಹುಟ್ಟೋ ಮುಂಚೆ ಒಂದ್ಸಲ, ಮಧ್ಯಾಹ್ನ 2ಕ್ಕೆ ಒಂದ್ಸಲ. ಟಿಡಿಎಸ್ ಮರೆತುಬಿಡಿ. ಆ ಪೆನ್ನು ಅಳೆಯೋದೂ ಇಸಿನೇ, ಅದನ್ನ 0.5ರಿಂದ 0.7ರೊಳಗಿನ ಯಾವುದೋ ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತೆ. ಎರಡು ಕಂಪನಿ ಪೆನ್ನು ಇಟ್ಟರೆ ಒಂದೇ ನೀರಿಗೆ ಎರಡು ಟಿಡಿಎಸ್.

ಬ್ಯುರೆಟ್:
ಸಮಯದ ಮಾತು ಸರಿ. ಆದರೆ ಅಗ್ಗದ ಡಿಒ ಮೀಟರಿನ ಅಂಕಿಯನ್ನು ಯಾರೂ ನಂಬಬಾರದು. ಅದರ ಗ್ಯಾಲ್ವನಿಕ್ ಪ್ರೋಬ್ (ನೀರಿಗೆ ಇಳಿಸುವ ಸಂವೇದಕ) ತನ್ನ ತುದಿಯಲ್ಲಿರುವ ಆಮ್ಲಜನಕವನ್ನು ತಾನೇ ತಿನ್ನುತ್ತದೆ. ನಿಂತ ನೀರಿನಲ್ಲಿ ಅಲ್ಲಾಡಿಸದೆ ಹಿಡಿದರೆ ಅಂಕಿ ಇಳಿಯುತ್ತಲೇ ಹೋಗುತ್ತದೆ, ವಿದ್ಯಾರ್ಥಿ ತನಗೆ ಬೇಕೆನಿಸಿದಲ್ಲಿ ನಿಲ್ಲಿಸಿ ಬರೆದುಕೊಳ್ಳುತ್ತಾನೆ. ನಿಮ್ಮಲ್ಲಿ ಹೇಗೂ ರಸಾಯನಶಾಸ್ತ್ರದ ಲ್ಯಾಬ್ ಇದೆ, ವಿಂಕ್ಲರ್ (ಬಾಟಲಿಯ ನೀರಿಗೆ ರಾಸಾಯನಿಕ ಹಾಕಿ ಡಿಒ ಅಳೆಯುವ ವಿಧಾನ) ಮಾಡಿಸಿ.

300 ಮಿ.ಲೀ. ಬಿಒಡಿ ಬಾಟಲಿ. ಬಕೆಟ್ಟಿನಿಂದ ಸುರಿಯಬೇಡಿ, ಸುರಿದರೆ ಗಾಳಿ ಬೆರೆತು ಸೊನ್ನೆಯ ನೀರೂ 2 ತೋರಿಸುತ್ತದೆ. ರಬ್ಬರ್ ನಳಿಕೆಯನ್ನು ತಳದವರೆಗೆ ಇಳಿಸಿ ತುಂಬಿಸಿ, ಎರಡು ಮೂರು ಬಾಟಲಿಯಷ್ಟು ನೀರು ಹೊರಚೆಲ್ಲಲಿ. ದಡದಲ್ಲೇ 2 ಮಿ.ಲೀ. ಮ್ಯಾಂಗನಸ್ ಸಲ್ಫೇಟ್, 2 ಮಿ.ಲೀ. ಕ್ಷಾರೀಯ ಅಯೊಡೈಡ್-ಅಜೈಡ್, ಪಿಪೆಟ್ ತುದಿ ನೀರಿನೊಳಗೆ ಇಟ್ಟು. ಗುಳ್ಳೆ ಇಲ್ಲದೆ ಮುಚ್ಚಿ ತಲೆಕೆಳಗು ಮಾಡಿ. ಕಂದು ಗಸಿ ಬಂದರೆ ಆಮ್ಲಜನಕ ಇದೆ; ಹಾಲಿನಂತೆ ಬಿಳಿಯಾಗಿಯೇ ಉಳಿದರೆ ಇಲ್ಲ. ಕಾಲುವೆ ಬಾಯಿಯ ಬೆಳಗಿನ ಬಾಟಲಿ ಬಹುಮಟ್ಟಿಗೆ ಬಿಳಿಯೇ. ಅಜೈಡ್ ಹಾಕದಿದ್ದರೆ ಕೊಳಚೆಯ ನೈಟ್ರೈಟ್ ಕೂಡ ಅಯೊಡಿನ್ ಬಿಡಿಸಿ ಅಂಕಿ ಉಬ್ಬಿಸುತ್ತದೆ.

ಸಲ್ಫ್ಯೂರಿಕ್ ಆಮ್ಲವನ್ನು ಕೆರೆಗೆ ಒಯ್ಯಬೇಡಿ. ಬಾಟಲಿಗಳನ್ನು ಕತ್ತಲಲ್ಲಿಟ್ಟು ತಂದು, ಲ್ಯಾಬಿನಲ್ಲಿ 2 ಮಿ.ಲೀ. ಹಾಕಿ ಅಂದೇ ಬೆಳಿಗ್ಗೆ ಟೈಟ್ರೇಟ್ ಮಾಡಿ. 200 ಮಿ.ಲೀ.ಗೆ 0.025 ನಾರ್ಮಲ್ ಥಯೋಸಲ್ಫೇಟ್ ಎಷ್ಟು ಮಿ.ಲೀ. ಹೋಯಿತೋ ಅಷ್ಟೇ ಮಿಲಿಗ್ರಾಂ ಡಿಒ, ಲೆಕ್ಕವೂ ಬೇಡ. ಪಿಷ್ಟವನ್ನು ಬಣ್ಣ ತಿಳಿಹಳದಿಗೆ ಇಳಿದ ಮೇಲೆ ಹಾಕಬೇಕು. ಥಯೋಸಲ್ಫೇಟನ್ನು ಪ್ರತಿ ವಾರ ಸ್ಟ್ಯಾಂಡರ್ಡೈಸ್ ಮಾಡಿ (ಅದರ ನಿಜವಾದ ಸಾಂದ್ರತೆ ಪರೀಕ್ಷಿಸಿ). ಪ್ರತಿ ಸಲ ಒಂದು ಜಾಗದ್ದು ಜೋಡಿ ಬಾಟಲಿ ತನ್ನಿ. ಎರಡರ ನಡುವೆ 0.2ಕ್ಕಿಂತ ಹೆಚ್ಚು ಅಂತರ ಬಂದರೆ ತುಂಬಿಸುವುದರಲ್ಲೇ ಎಡವಟ್ಟು.

ಕೋಡಿಕಲ್ಲು:
ಒಪ್ಪಿದೆ. ಆದ್ರೆ ಮೀಟರ್ ಪೂರ್ತಿ ಬಿಸಾಕಬೇಡಿ, ವಾರಕ್ಕೆ ಮೂರು ಬಾಟಲಿ ವಿಂಕ್ಲರ್ ಜೊತೆ ತಾಳೆ ನೋಡ್ತಾ ಬಳಸಿ. ಕ್ಯಾಲಿಬ್ರೇಟ್ ಮಾಡುವಾಗ ಎತ್ತರ ಹಾಕೋದು ಮರೀಬೇಡಿ. ಸಮುದ್ರಮಟ್ಟದಲ್ಲಿ 25 ಡಿಗ್ರಿ ನೀರು ಲೀಟರಿಗೆ 8.26 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತೆ; ಬೆಂಗಳೂರು 900 ಮೀಟರ್ ಮೇಲಿದೆ, ಇಲ್ಲಿ ಸುಮಾರು 7.4 ಅಷ್ಟೇ. ಎತ್ತರ ಹಾಕದೆ ಗಾಳಿಯಲ್ಲಿ ಸಮುದ್ರಮಟ್ಟದ ಲೆಕ್ಕಕ್ಕೆ ಕೂರಿಸಿದ ಯಂತ್ರ ಇಡೀ ಸೆಮಿಸ್ಟರ್ ಶೇ 10ರಷ್ಟು ಜಾಸ್ತಿ ಹೇಳ್ತಾ ಇರುತ್ತೆ, ಯಾರಿಗೂ ಗೊತ್ತಾಗಲ್ಲ.

ಜೊಂಡು:
ಅಮೋನಿಯಾ ಬಗ್ಗೆ ಯಾರೂ ಮಾತಾಡ್ಲಿಲ್ಲ. ‘ಡಿ’ ದರ್ಜೆಯ ಮಿತಿ ಲೀಟರಿಗೆ 1.2 ಮಿಲಿಗ್ರಾಂ ಇರೋದು ಮುಕ್ತ ಅಮೋನಿಯಾಕ್ಕೆ (ಮೀನಿಗೆ ವಿಷವಾಗೋ ರೂಪ), ಸಾರಜನಕದ ಲೆಕ್ಕದಲ್ಲಿ. ಕಿಟ್ ಕೊಡೋದು ಒಟ್ಟು ಅಮೋನಿಯಾ. ಮುಕ್ತ ಎಷ್ಟು ಅನ್ನೋದನ್ನ ಪಿಎಚ್ ಮತ್ತು ತಾಪಮಾನ ನಿರ್ಧರಿಸ್ತವೆ. 25 ಡಿಗ್ರಿಯಲ್ಲಿ ಪಿಎಚ್ 8 ಇದ್ರೆ ಶೇ 5, ಪಿಎಚ್ 9 ಆದ್ರೆ ಶೇ 36. ಒಟ್ಟು 5 ಮಿಲಿಗ್ರಾಂ ಇರೋ ಕೆರೆ ಹಿಡೀರಿ. ಬೆಳಿಗ್ಗೆ ಪಿಎಚ್ 8, ಮುಕ್ತ 0.27, ಪಾಸು. ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿ ಮಧ್ಯಾಹ್ನ ಪಿಎಚ್ 9ಕ್ಕೆ ತಂದ್ರೆ 1.8, ಫೇಲು. ಅಂದ್ರೆ ಡಿಒಗೆ ಕೆಟ್ಟ ಹೊತ್ತು ಬೆಳಗಿನ ಜಾವ, ಅಮೋನಿಯಾಗೆ ಕೆಟ್ಟ ಹೊತ್ತು ಮಧ್ಯಾಹ್ನ. 11 ಗಂಟೆ ಎರಡನ್ನೂ ತಪ್ಪಿಸಿಕೊಳ್ಳುತ್ತೆ :)

ಹಾಗಾಗಿ ಪಿಎಚ್ ದಡದಲ್ಲೇ ಓದಿ. ಬಾಟಲಿಯಲ್ಲಿ ಕಾಲೇಜಿಗೆ ಬರೋಷ್ಟರಲ್ಲಿ ಬದಲಾಗಿರುತ್ತೆ. ಪಿಎಚ್ ಪೆನ್ನಿನ ತುದಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಮುಳುಗಿಸಿಡೋ ಅಭ್ಯಾಸ ಎಲ್ಲ ಕಾಲೇಜಲ್ಲೂ ಇದೆ, ಎಲೆಕ್ಟ್ರೋಡ್ ಸಾಯೋದೇ ಅದರಿಂದ. 3 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್‌ನಲ್ಲಿ ಇಡಿ. ಇನ್ನು ನೆಸ್ಲರ್ ದ್ರಾವಣದಲ್ಲಿ ಪಾದರಸ ಇದೆ. ಕೆರೆ ಉಳಿಸೋಕೆ ಹೊರಟು ಪಾದರಸ ಸಿಂಕಿಗೆ ಸುರಿಯೋದು ಬೇಡ, ಸ್ಯಾಲಿಸಿಲೇಟ್ ಕಿಟ್ ತಗೊಳ್ಳಿ. ಅಕ್ವೇರಿಯಂ ಅಂಗಡಿಯಲ್ಲೂ ಸಿಗುತ್ತೆ.

ಏರಿಮೇಲೆ:
ಎಲ್ಲ ಸರಿ ಸ್ವಾಮಿ, ಜಾಗ ಯಾರು ಆರಿಸಿದ್ರು? ಗೂಗಲ್ ನಕ್ಷೆ ನೋಡಿ ಗುಂಡುಪಿನ್ನು ಚುಚ್ಚಿದ್ದಲ್ವಾ? ಮೊದಲು ಕೆರೆ ಟೆಂಡರ್ ಹಿಡಿದಿರೋ ಮೀನಿನವರ ಹತ್ರ ಕೂತ್ಕೊಳ್ಳಿ. ಯಾವ ಮೂಲೆಯಲ್ಲಿ ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಿಡುತ್ತೆ, ಯಾವ ವಾರದಿಂದ ಕಾಟ್ಲಾ ಹೋಗಿ ಬರೀ ಜಿಲೇಬಿ ಮೀನು (ತಿಲಾಪಿಯಾ) ಸಿಗ್ತಿದೆ, ರಾತ್ರಿ ಎಷ್ಟೊತ್ತಿಗೆ ಟ್ಯಾಂಕರ್ ಬಂದು ಕಾಲುವೆಗೆ ಪೈಪ್ ಇಳಿಸುತ್ತೆ, ಅವರಿಗೆ ಗೊತ್ತು. ಹಸು ತೊಳೆಯೋರು, ಸೊಪ್ಪು ಬೆಳೆಯೋರು, ಕಾಲುವೆ ಪಕ್ಕದ ಮನೆಯವರು, ಈ ನಾಲ್ಕು ಕಡೆ ಅರ್ಧರ್ಧ ಗಂಟೆ ಕೊಟ್ಟು ಆಮೇಲೆ ಜಾಗ ಗುರುತು ಹಾಕಿ. ಕೆರೆ ಸಮಿತಿ ಅಂದ್ರೆ ಸಾಮಾನ್ಯವಾಗಿ ವಾಕಿಂಗ್ ಬರೋ ಅಪಾರ್ಟ್‌ಮೆಂಟಿನವರು. ಅವರ ಪ್ರಶ್ನೆ ವಾಸನೆ, ಸೊಳ್ಳೆ. ಸೊಪ್ಪಿನವರ ಪ್ರಶ್ನೆ ಬೇರೆ.

ಬೋರ್‌ವೆಲ್ ಬಗ್ಗೆ ಕೇಳೋರೂ ಸಿಗ್ತಾರೆ. ಆ ನೀರಿಗೆ ನೈಟ್ರೇಟ್ ನೋಡಿ. ಕುಡಿಯೋ ನೀರಿನ ಮಿತಿ 45 ಮಿಲಿಗ್ರಾಂ, ಅದು ನೈಟ್ರೇಟ್ ಲೆಕ್ಕದಲ್ಲಿ. ಕಿಟ್ ಸಾರಜನಕದ ಲೆಕ್ಕದಲ್ಲಿ ತೋರಿಸಿದ್ರೆ 4.43ರಿಂದ ಗುಣಿಸಬೇಕು. 12 ಅಂತ ಬಂತು, 45ರೊಳಗಿದೆ ಅಂತ ಆ ಮನೆಯವರಿಗೆ ಹೇಳಿಬಿಟ್ರೆ 53 ಇರೋ ನೀರನ್ನ ಮಗುವಿಗೆ ಕುಡಿಸ್ತಾರೆ.

ಬ್ಯುರೆಟ್:
ಅದಕ್ಕೇ ನನ್ನ ವಾದ: ಸೆಮಿಸ್ಟರ್ ಮುಗಿದು, ಮಾನ್ಯತೆ ಇರುವ ಲ್ಯಾಬಿನಲ್ಲಿ ಕೆಲವು ಮಾದರಿ ತಾಳೆ ನೋಡುವವರೆಗೆ ಒಂದಂಕಿಯೂ ಹೊರಗೆ ಹೋಗಬಾರದು. ವಾಟ್ಸ್ಆ್ಯಪ್ ಗುಂಪಿಗೆ ‘ಕೆರೆಯಲ್ಲಿ ಆಮ್ಲಜನಕ ಸೊನ್ನೆ’ ಎಂದು ಹಾಕಿದ ಮರುಗಳಿಗೆ ಅದು ಟಿವಿಯಲ್ಲಿರುತ್ತದೆ. ಅಂದು ನಳಿಕೆಯಲ್ಲಿ ಗುಳ್ಳೆ ಇತ್ತೆಂದು ಆಮೇಲೆ ಹೇಳಿದರೆ ಯಾರು ಕೇಳುತ್ತಾರೆ?

ಏರಿಮೇಲೆ:
ಜೂನಲ್ಲಿ ರಿಪೋರ್ಟ್ ಕೊಟ್ರೆ ಏಪ್ರಿಲಲ್ಲಿ ಸತ್ತ ಮೀನು ಎದ್ದು ಬರುತ್ತಾ? 2016ರ ಮಾರ್ಚಲ್ಲಿ ಹಲಸೂರು ಕೆರೆಯಲ್ಲಿ ರಾಶಿರಾಶಿ ಮೀನು ತೇಲಿದ್ದು ನೆನಪಿರಬೇಕು. ಬಿಸಿಲಿಗೆ ಕಾದ ನೀರು ಮೊದಲೇ ಆಮ್ಲಜನಕ ಕಮ್ಮಿ ಹಿಡಿಯುತ್ತೆ. ಅದರ ಮೇಲೆ ಮೊದಲ ಮಳೆ ಬಿದ್ರೆ ಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕೊಳೆ ಒಂದೇ ಸಲ ನುಗ್ಗುತ್ತೆ, ತಳದ ಹೂಳು ಕದಡುತ್ತೆ, ಮೋಡ ಮುಚ್ಚಿ ಪಾಚಿ ಕೆಲಸ ನಿಲ್ಲುತ್ತೆ. ಎರಡು ದಿನದ ಆಟ. ಮೀನಿನವರಿಗೆ ಅಂದೇ ಹೇಳಿದ್ರೆ ಬಲೆ ಬೀಸಿ ಒಂದಷ್ಟು ಹಿಡ್ಕೋತಾರೆ.

ಜೊಂಡು:
ಇಬ್ಬರೂ ಎಲ್ಲ ಅಂಕಿಗಳನ್ನ ಒಂದೇ ಕಟ್ಟಿಗೆ ಕಟ್ಟಬೇಡಿ. ಗಸಿ ಬಿಳಿ ಬಂತು ಅನ್ನೋದನ್ನ ತಿಳಿಸೋಕೆ ದಶಾಂಶ ಬೇಡ, ಅಂದೇ ಮೀನಿನವರಿಗೆ ಫೋನ್ ಮಾಡಿ. ಕೋಲಿಫಾರ್ಮ್, ನೈಟ್ರೇಟ್, ಬಿಒಡಿ ಜೋಡಿ ಮಾದರಿ ತಾಳೆಯಾಗೋವರೆಗೆ ಹೊರಗೆ ಬೇಡ. ಕೋಲಿಫಾರ್ಮ್ ಮಾಡಿಸೋದಾದ್ರೆ ಎಸ್‌ಟಿಪಿ ಕಡೆಯ ಬಾಟಲಿಗೆ ಮುಂಚೆನೇ ಒಂದಿಷ್ಟು ಸೋಡಿಯಂ ಥಯೋಸಲ್ಫೇಟ್ ಹಾಕಿ ಸ್ಟೆರಿಲೈಸ್ ಮಾಡಿರಬೇಕು. ಇಲ್ಲಾಂದ್ರೆ ನೀರಲ್ಲಿ ಉಳಿದ ಕ್ಲೋರಿನ್ ಬಾಟಲಿಯೊಳಗೇ ಬ್ಯಾಕ್ಟೀರಿಯಾ ಕೊಲ್ತಾ ಇರುತ್ತೆ, ಎಸ್‌ಟಿಪಿಗೆ ಪುಕ್ಕಟೆ ಸರ್ಟಿಫಿಕೇಟ್ ಸಿಗುತ್ತೆ.

ಲ್ಯಾಬ್‌ಮೇಡಂ:
ತುಂಬಾ ಉಪಯೋಗ ಆಯ್ತು. ಒಂದು ತೊಡಕು: ಬೆಳಗಿನ ಜಾವ 5.30ಕ್ಕೆ ಹಾಸ್ಟೆಲ್ ಮಕ್ಕಳನ್ನ ಬಿಡಲ್ಲ. ಬಸ್ಸೂ ಇಲ್ಲ. ಫಾಸ್ಫೇಟ್ ತೆಗೆಯೋಕೆ ಮನಸ್ಸಾಗ್ತಿಲ್ಲ, ನೊರೆ ಬಗ್ಗೆ ಎಲ್ಲರೂ ಕೇಳ್ತಾರೆ.

ಕೋಡಿಕಲ್ಲು:
ಫಾಸ್ಫೇಟ್ ಇರಲಿ, ತಿಂಗಳಿಗೊಂದ್ಸಲ. ಆದ್ರೆ ಬಾಟಲಿಗಳನ್ನ ಸೋಪ್ ಪುಡಿಯಲ್ಲಿ ತೊಳೆದ್ರೆ ಅಳೆಯೋದು ಸೋಪಿನ ಫಾಸ್ಫೇಟ್ ಆಗಬಹುದು. ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ, ಅದೇ ನೀರು ತುಂಬಿದ ಒಂದು ಬಾಟಲಿಯನ್ನೂ ಕೆರೆಗೆ ಒಯ್ದು ತಂದು ಪರೀಕ್ಷೆ ಮಾಡಿ. ಅದರಲ್ಲಿ ಬಣ್ಣ ಬಂದ್ರೆ ಆ ದಿನದ ಫಾಸ್ಫೇಟ್ ಹೊಡೆದುಹಾಕಿ.

ಏರಿಮೇಲೆ:
5.30ಕ್ಕೆ ಮಕ್ಕಳು ಯಾಕೆ ಬೇಕು? ಆ ಹೊತ್ತಿಗೆ ತೆಪ್ಪ ನೀರಲ್ಲೇ ಇರುತ್ತೆ. ಮೂರು ಬಾಟಲಿ, ನಳಿಕೆ, ಎರಡು ಸಿರಿಂಜ್ ಕೊಟ್ಟು ಒಂದು ಸಂಜೆ ಕಲಿಸಿ, ಜೊತೆಗೆ ಗ್ಲೌಸು ಕೊಡಿ. ದಡದವರಿಗೆ ಸಿಗದ ನಡುಗೆರೆಯ ನೀರೂ ಸಿಗುತ್ತೆ. ಆದ್ರೆ ಸಮುದಾಯ ಸಹಭಾಗಿತ್ವ ಅಂತ ಚಂದದ ಹೆಸರಿಟ್ಟು ಬಿಟ್ಟಿ ದುಡಿಸಬೇಡಿ. ಆ ಅರ್ಧ ಗಂಟೆಯಲ್ಲಿ ಅವರ ಬಲೆ ಕಾಯ್ತಾ ಇರುತ್ತೆ. 25 ಸಾವಿರದಲ್ಲಿ ಅದಕ್ಕೆ ಮೊದಲು ಎತ್ತಿಡಿ, ರಿಪೋರ್ಟಲ್ಲಿ ಅವರು ಒಪ್ಪಿದ್ರೆ ಹೆಸರೂ ಹಾಕಿ.

ಬ್ಯುರೆಟ್:
ಕ್ಷಾರೀಯ ಅಜೈಡ್ ವಿಷ. ಅದನ್ನು ಸಿರಿಂಜಿನಲ್ಲಿ ತುಂಬಿ ತೆಪ್ಪದಲ್ಲಿ ಯಾರ ಕೈಗೋ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅವರು ಬಾಟಲಿ ತುಂಬಿ ದಡಕ್ಕೆ ತರಲಿ, ಅಲ್ಲಿ ಸಿಬ್ಬಂದಿ ಒಬ್ಬರು ಕನ್ನಡಕ ಹಾಕಿಕೊಂಡು ಹಾಕಲಿ. ಐದು ನಿಮಿಷದ ಅಂತರಕ್ಕೆ ಏನೂ ಆಗದು.

ಏರಿಮೇಲೆ:
ಸರಿ, ಅದಕ್ಕೆ ತಕರಾರಿಲ್ಲ. ದುಡ್ಡಿನ ಮಾತು ಮಾತ್ರ ಬಿಡಲ್ಲ.

ಲ್ಯಾಬ್‌ಮೇಡಂ:
ಬೆಳಿಗ್ಗೆ ನಾನು ಮತ್ತು ಲ್ಯಾಬ್ ಅಟೆಂಡರ್, ಮಧ್ಯಾಹ್ನ 2ಕ್ಕೆ ಆರಾರು ಮಕ್ಕಳ ಸರದಿ. 3 ಜಾಗ. ಈ ಶನಿವಾರ ಮೀನಿನವರ ಹತ್ರ ಮಾತು. ಡೇಟಾ ಹಾಳೆಯಲ್ಲಿ ದಿನಾಂಕ, ಜಾಗ, ಬೆಳಿಗ್ಗೆ/ಮಧ್ಯಾಹ್ನ, ಐದು ಅಂಕಿ, ಅಷ್ಟೇ ಇಟ್ಟಿದ್ದೀನಿ.

ಜೊಂಡು:
‘ಬೆಳಿಗ್ಗೆ’ ತೆಗೆದು ಗಂಟೆ ನಿಮಿಷ ಬರೆಸಿ. 5.40ಕ್ಕೂ 7.10ಕ್ಕೂ ಡಿಒ ಬೇರೆ. ಮೋಡ ಇತ್ತಾ, ಹಿಂದಿನ ರಾತ್ರಿ ಮಳೆ ಬಂತಾ, ಜೊಂಡು ಎಲ್ಲಿವರೆಗೆ ಮುಚ್ಚಿತ್ತು, ಈ ಮೂರಕ್ಕೂ ಒಂದೊಂದು ಕಾಲಂ.