ಫೆಬ್ರವರಿ 14, ಅತ್ತೆ-ಮಾವನ ಜೊತೆ: ನಿಮ್ಮ ಮನೆಯಲ್ಲಿ ಹೇಗೆ?

ಕೇಳಿದವರು, ಬೆಂಗಳೂರು ವಿಜಯನಗರ:
ಮದುವೆಯಾಗಿ ನಾಲ್ಕು ವರ್ಷ. ಮನೆಯಲ್ಲಿ ಅತ್ತೆ, ಮಾವ, ಮೂರು ವರ್ಷದ ಮಗಳು, ನಾವಿಬ್ಬರು. ಪ್ರತಿ ವ್ಯಾಲೆಂಟೈನ್ಸ್ ಡೇಗೂ ಏನೋ ಒಂದು ನೆಪ ಹೇಳಿ ನಾವಿಬ್ಬರೇ ಹೊರಗೆ ಹೋಗುತ್ತಿದ್ದೆವು. ಕಳೆದ ವರ್ಷ ಒಂದು ಹೋಟೆಲಿನವರು ಟೇಬಲ್ ಬುಕ್ ಆಗಿದ್ದರೂ ಮುಕ್ಕಾಲು ಗಂಟೆ ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ಹೋದ ಮೇಲೆ ಅವರು ಕೊಟ್ಟಿದ್ದೇ ಊಟ. ಮನೆಗೆ ಬಂದರೆ ಅತ್ತೆ ಮಗಳನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದರು. "ಊಟ ಚೆನ್ನಾಗಿತ್ತಾ?" ಅಂತ ಕೇಳಿದರು. ನಾವು ಆಫೀಸ್ ಮೀಟಿಂಗ್ ಅಂತ ಹೇಳಿ ಹೋಗಿದ್ದೆವು!

ಈ ಸಲ, 2026ರಲ್ಲಿ, 14 ಶನಿವಾರ ಬಂದಿದೆ. ಮಾರನೇ ದಿನವೇ ಶಿವರಾತ್ರಿ. ಸುಳ್ಳು ಹೇಳದೆ ಎಲ್ಲರೂ ಒಟ್ಟಿಗೆ ಮಾಡೋಣ ಅಂತ ಆಸೆ. ಯಾರಿಗೂ ಮುಜುಗರ ಆಗಬಾರದು. ಮಾಡಿದವರು ಹೇಳಿ.

ಮೈಸೂರಿನಿಂದ:
ಮೊದಲು ನಾನು ಮಾಡಿದ ತಪ್ಪು ಹೇಳ್ತೀನಿ. ಹಾಲ್ ತುಂಬ ಕೆಂಪು ಬಲೂನು, ಹಾರ್ಟ್ ಶೇಪಿನ ಕೇಕು. ಮಾವನ ಕೈಗೆ ಚಾಕು ಕೊಟ್ಟು "ಇಬ್ಬರೂ ಸೇರಿ ಕಟ್ ಮಾಡಿ" ಅಂದೆ. ಅವರು ಚಾಕು ಟೇಬಲ್ ಮೇಲಿಟ್ಟು, ಹಾಲು ತರ್ತೀನಿ ಅಂತ ಹೋದವರು ಒಂದೂವರೆ ಗಂಟೆ ಬರಲಿಲ್ಲ. ಫ್ರಿಜ್ಜಲ್ಲಿ ಎರಡು ಪ್ಯಾಕೆಟ್ ಹಾಲಿತ್ತು.

ಮುಂದಿನ ವರ್ಷ ಆ ದಿನದ ಹೆಸರೇ ಎತ್ತಲಿಲ್ಲ. "ಇವತ್ತು ಬೆಳಗ್ಗೆ ಯಾರೂ ಒಲೆ ಹಚ್ಚೋದು ಬೇಡ" ಅಂತ ಎಲ್ಲರೂ ಮಸಾಲೆ ದೋಸೆಗೆ ಹೊರಟೆವು. ರಾತ್ರಿ ಊಟಕ್ಕಿಂತ ತಿಂಡಿ ವಾಸಿ. ವಯಸ್ಸಾದವರಿಗೆ ಮಾತ್ರೆ, ನಿದ್ದೆ ಅಂತ ತಾಪತ್ರಯ ಇಲ್ಲ. ಅಷ್ಟು ಹೊತ್ತಿಗೆ ಪ್ರೇಮಿಗಳ ರೇಟೂ ಶುರುವಾಗಿರಲ್ಲ. ದೋಸೆಗೆ ಕಾಯುವಾಗ ನಮ್ಮವರು ಸುಮ್ನೆ ಕೇಳಿದರು, "ಅಪ್ಪ, ಮದುವೆಯಾದ ಮೇಲೆ ಅಮ್ಮನನ್ನ ಮೊದಲು ಎಲ್ಲಿಗೆ ಕರ್ಕೊಂಡು ಹೋಗಿದ್ರಿ?" "ಕೆಆರ್‌ಎಸ್‌ಗೆ" ಅಂದರು ಮಾವ. "ಇಬ್ಬರು ತಂಗಿಯರನ್ನೂ ಕರ್ಕೊಂಡು" ಅಂದರು ಅತ್ತೆ. ಅಲ್ಲಿಂದ ಬೃಂದಾವನದ ಕಾರಂಜಿ, ತಪ್ಪಿದ ಕೊನೇ ಬಸ್ಸು, ಎಲ್ಲಾ ಹೊರಗೆ ಬಂತು. ಎರಡೆರಡು ಕಾಫಿ ಆಯಿತು.

ಅವತ್ತು ಸಂಜೆ ಮಾವನ ಸ್ಕೂಟರ್ ಕೊಕ್ಕೆಯಲ್ಲಿ ಬಾಳೆ ಎಲೆಯ ಪೊಟ್ಟಣ ನೇತಾಡುತ್ತಿತ್ತು. ಮಲ್ಲಿಗೆ! ಫೆಬ್ರವರಿಯಲ್ಲಿ ಮಲ್ಲಿಗೆ ಬೆಲೆ ಗೊತ್ತಲ್ಲ. "ಮೊಳಕ್ಕೆ ಎಷ್ಟು ಕೊಟ್ರಿ?" ಅಂತ ಅತ್ತೆ ಬೈದರು. ಬೈಯುತ್ತಲೇ ಮುಡಿದುಕೊಂಡರು.

ದೊಡ್ಡಬಳ್ಳಾಪುರ ಕಡೆಯ ಹೂ ಬೆಳೆಗಾರ:
ಗುಲಾಬಿ ತರೋದಾದರೆ 14ರವರೆಗೆ ಕಾಯಬೇಡಿ. ಈ ಒಂದು ದಿನಕ್ಕಾಗಿ ನಾವು ಡಿಸೆಂಬರ್‌ನಲ್ಲೇ ಪಾಲಿಹೌಸಿನಲ್ಲಿ ಗಿಡ ಕತ್ತರಿಸಿ, ಒಂದೂವರೆ ತಿಂಗಳಿಗೆ ಮೊಗ್ಗು ಬರುವ ಹಾಗೆ ಲೆಕ್ಕ ಹಾಕ್ತೀವಿ. ಉದ್ದ ಕಡ್ಡಿಯ ತಾಜ್‌ಮಹಲ್ ತಳಿ ಜನವರಿ ಕೊನೆಯಿಂದಲೇ ವಿಮಾನ ಹತ್ತಕ್ಕೆ ಶುರು. 14ಕ್ಕೆ ಸಿಗ್ನಲ್ಲಲ್ಲಿ ಒಂಟಿ ಹೂವಿಗೆ ನೀವು ಕೊಡೋ ದುಡ್ಡು ನೋಡಿದರೆ ನಮಗೇ ಹೊಟ್ಟೆ ಉರಿಯುತ್ತೆ.

12ಕ್ಕೋ 13ಕ್ಕೋ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗಿ, 20 ಹೂವಿನ ಕಟ್ಟು ತನ್ನಿ. ಮೊಗ್ಗಿನ ಬುಡ ಮೆಲ್ಲಗೆ ಹಿಸುಕಿ ನೋಡಿ. ಗಟ್ಟಿ ಇದ್ದರೆ ಹೊಸದು, ಮೆತ್ತಗಿದ್ದರೆ ಹಳೇದು. ಹೊರಗಿನ ಒಂದೆರಡು ಎಸಳು ಕಪ್ಪಗಿದ್ದರೆ ಚಿಂತೆ ಬೇಡ, ಕಿತ್ತುಬಿಡಿ. ಮನೆಗೆ ಬಂದ ಮೇಲೆ ಕಡ್ಡಿ ತುದಿ ಓರೆಯಾಗಿ ಒಂದಿಂಚು ಕತ್ತರಿಸಿ ನೀರಿಗಿಡಿ. ನೀರಲ್ಲಿ ಮುಳುಗೋ ಎಲೆ ಇರಬಾರದು. ದಿನಾ ನೀರು ಬದಲಿಸಿ. ಇನ್ನೊಂದು, ಶಿವರಾತ್ರಿಗೆ ಅಂತ ಬಾಳೆಹಣ್ಣು ತಂದಿರ್ತೀರಲ್ಲ, ಅದರ ಪಕ್ಕ ಇಡಬೇಡಿ. ಹಣ್ಣಿನ ಗಾಳಿಗೆ ಹೂ ಬೇಗ ಬಾಡುತ್ತೆ.

ತುಮಕೂರಿನಿಂದ:
ನಮಗೆ ಭೀಮನ ಅಮಾವಾಸ್ಯೆ ಇರುವಾಗ ಇದೆಲ್ಲ ಯಾಕೆ ಬೇಕು?

ಹಾಸನದಿಂದ, ಮೇಲಿನವರಿಗೆ:
ಅಣ್ಣ, ನಾನು ಎರಡೂ ಮಾಡ್ತೀನಿ. ಕಳೆದ ಜುಲೈ 24ಕ್ಕೆ ಭೀಮನ ಅಮಾವಾಸ್ಯೆ ಬಂದಿತ್ತಲ್ಲ, ಅವತ್ತು ಅವರ ಪಾದ ತೊಳೆದು ಪೂಜೆ ಮಾಡಿದೆ. ನನ್ನ ತಮ್ಮ ಬಂದು ಹೊಸ್ತಿಲ ಮೇಲೆ ಮೊಣಕೈಯಲ್ಲಿ ಭಂಡಾರ ಒಡೆದು, ಕಡುಬಿನೊಳಗಿದ್ದ ಕಾಸು ಜೇಬಿಗೆ ಹಾಕಿಕೊಂಡ. ಫೆಬ್ರವರಿ 14 ನನ್ನ ದಿನ. ಅವತ್ತು ಬೆಳಗ್ಗೆ ಕಾಫಿ ನಾನಿರುವ ಜಾಗಕ್ಕೇ ಬರಬೇಕು, ನಮ್ಮತ್ತೆಗೂ ಅಷ್ಟೇ. ಅಪ್ಪ-ಮಗ ಇಬ್ಬರೂ ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯೋದನ್ನೇ ಕಾಯ್ತಾ ನಿಂತಿರ್ತಾರೆ. ನೋಡೋಕೆ ಚೆಂದ.

ಫಿನ್ಲೆಂಡ್‌ನ ಎಸ್ಪೊದಿಂದ:
ಇಲ್ಲಿ ಫೆಬ್ರವರಿ 14ಕ್ಕೆ "ಉಸ್ತಾವನ್‌ಪೈವಾ" ಅಂತಾರೆ. ಸ್ನೇಹಿತರ ದಿನ ಅಂತ ಅರ್ಥ. ಜೋಡಿಗಳಿಗೆ ಮಾತ್ರ ಅಲ್ಲ, ಗೆಳೆಯರಿಗೆಲ್ಲ ಕಾರ್ಡ್ ಕೊಡ್ತಾರೆ. ನನ್ನ ಮಗ ಮೊದಲ ವರ್ಷ ಒಂದು ಕಾರ್ಡ್ ಧಾರವಾಡದ ಅಜ್ಜಿಗೆ ಬರೆದ, ಎರಡೇ ಅಕ್ಷರ, "ಅಜಿ" ಅಂತ. ಒತ್ತಕ್ಷರ ಬಿಟ್ಟುಹೋಗಿತ್ತು. ಅಮ್ಮ ಅದನ್ನು ಕನ್ನಡಿ ಸಂದಿಯಲ್ಲಿ ಸಿಗಿಸಿಟ್ಟಿದ್ದಾರೆ. ನಿಮ್ಮ ಮಗಳ ಕೈಗೂ ಒಂದು ಕ್ರೇಯಾನ್ ಕೊಡಿ. ಅವಳು ಕೊಟ್ಟರೆ ಅಜ್ಜ ಹಾಲು ತರೋಕೆ ಓಡಿ ಹೋಗಲ್ಲ.

ಶಿವಮೊಗ್ಗದಿಂದ:
ಒಂದು ಮಾತು. ಮನೆಯಲ್ಲಿ ಜೊತೆಗಾರರನ್ನು ಕಳೆದುಕೊಂಡವರು ಇದ್ದರೆ ಸ್ವಲ್ಪ ಯೋಚನೆ ಮಾಡಿ. ಅಪ್ಪ ಹೋದ ಮೇಲೆ ಎರಡು ವರ್ಷ ನಾವು ಈ ದಿನ ಅಮ್ಮನ ಎದುರು ಏನೂ ಮಾಡುತ್ತಿರಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ಹೆಂಡತಿಗೆ ಹೂ ಕೊಡುತ್ತಿದ್ದೆ. ಅಮ್ಮನಿಗೆ ಒಳ್ಳೇದು ಅಂತಲೇ ಅಂದುಕೊಂಡಿದ್ದೆ. ಮೂರನೇ ವರ್ಷ ಅವರೇ ಕೇಳಿದರು, "ನನಗೊಂದು ಇಲ್ವೇನೋ?" ಅಂಗಡಿಗೆ ಓಡಿದೆ. ಮುಡಿಯಲಿಲ್ಲ. ಸ್ಟೀಲ್ ಲೋಟದಲ್ಲಿ ನೀರು ಹಾಕಿ ಮಂಚದ ಪಕ್ಕ ಇಟ್ಟುಕೊಂಡರು. ಈಗ ಪ್ರತಿ ವರ್ಷ ಎರಡು ತರ್ತೀನಿ. ಆದರೆ ಎಲ್ಲರ ಮನಸ್ಸೂ ಒಂದೇ ಥರ ಇರಲ್ಲ. ಮೊದಲು ಕೇಳಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಬೆಳಗಿನ ತಿಂಡಿ ಐಡಿಯಾ ಗಟ್ಟಿಯಾಯಿತು. ನಿನ್ನೆ ಧೈರ್ಯ ಮಾಡಿ ಅತ್ತೆಗೆ ನಿಜ ಹೇಳಿದೆ, ಕಳೆದ ವರ್ಷದ ಮೀಟಿಂಗ್ ಸಮೇತ. "ಮೀಟಿಂಗ್‌ಗೆ ಯಾರಾದ್ರೂ ರೇಷ್ಮೆ ಸೀರೆ ಉಡ್ತಾರೇನೇ?" ಅಂದರು. ಆಮೇಲೆ ಅವರೇ ಪ್ಲಾನ್ ಹಾಕಿದರು. ಶನಿವಾರ ತಂಬಿಟ್ಟಿಗೆ ಎಲ್ಲ ಹುರಿದು ಪುಡಿ ಮಾಡಿ ಇಟ್ಟುಕೊಳ್ತಾರಂತೆ. ಭಾನುವಾರ ದೇವರಿಗೆ ಉಂಡೆ, ಮಗಳಿಗೆ ಹಾರ್ಟ್ ಶೇಪಿಂದು. ಶನಿವಾರ ರಾತ್ರಿ ಮಗಳು ಅವರ ಹತ್ತಿರ ಮಲಗ್ತಾಳೆ, ನೀವಿಬ್ಬರೂ ಹೋಗಿ ಬನ್ನಿ ಅಂದಿದ್ದಾರೆ.

ಮಾವನಿಗೆ ಇನ್ನೂ ಹೇಳಿಲ್ಲ. ಹಾಲು ಮಾತ್ರ ಜಾಸ್ತಿ ತಂದಿಡ್ತೀನಿ.