ಅಪ್‌ಡೇಟ್: ಮನೆ, ಕೆಲಸದ ನಡುವೆ ಹೊಸದನ್ನು ಕಲಿಯೋದು ಹೇಗೆ ಅಂತ ಕೇಳಿದ್ದೆ

ಹದಿನೈದು ವರ್ಷ ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಕೆಲಸ ಮಾಡಿದ್ದೇನೆ, ಪೈಥಾನ್ ಅನ್ನೋ ಇನ್ನೊಂದು ಭಾಷೆ ಕಲಿಯಬೇಕು, ಆದರೆ ಸಮಯವೇ ಸಿಗುವುದಿಲ್ಲ ಅಂತ ಆರು ತಿಂಗಳ ಹಿಂದೆ ಕೇಳಿದ್ದೆ. "ದಿನಕ್ಕೆ ಅರ್ಧ ಗಂಟೆ ಸಾಕು, ಕಲಿತದ್ದನ್ನು ಯಾರಿಗಾದರೂ ಹೇಳಿಕೊಡಿ" ಅಂದಿದ್ದಿರಿ. ಹಾಗೇ ಮಾಡಿದೆ.

ಹೇಳಿಸಿಕೊಳ್ಳಲು ಮೊದಲು ಕೂತವಳು ಮಗಳು. ಒಂದು ರಾತ್ರಿ ಪೈಥಾನ್‌ನಲ್ಲಿ ಸುಮ್ನೆ 0.1 + 0.2 ಅಂತ ಟೈಪ್ ಮಾಡಿದಳು. ಉತ್ತರ 0.30000000000000004 ಬಂತು. "ಅಪ್ಪಾ, ಕಂಪ್ಯೂಟರಿಗೆ ಕೂಡೋಕೆ ಬರಲ್ವಾ?" ಅಂದಳು. ಜಾವಾದಲ್ಲೂ ಇದನ್ನು ಎಷ್ಟೋ ಸಲ ನೋಡಿದ್ದೆ. ಆದರೂ ಬಿಡಿಸಿ ಹೇಳಲು ಆಗಲಿಲ್ಲ. ಇಬ್ಬರೂ ಕೂತು ಓದಿದೆವು. 1ನ್ನು 3ರಿಂದ ಭಾಗಿಸಿದರೆ 0.333 ಅಂತ ಮುಗಿಯೋದೇ ಇಲ್ಲ, ಅಲ್ವಾ? ಕಂಪ್ಯೂಟರು ಬಳಸುವ ಸೊನ್ನೆ-ಒಂದರ ಲೆಕ್ಕದಲ್ಲಿ 0.1 ಕೂಡ ಹಾಗೇ. ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ಎಲ್ಲಿ, ಹೇಗೆ ಅಂತ ಹೇಳುವ ನಿಯಮವೇ 1985ರಲ್ಲಿ ಬಂದ ಐಇಇಇ 754. ಅವಳಿಗೆ ಅರ್ಥವಾದ ದಿನವೇ ನನಗೂ ಪೂರ್ತಿ ಅರ್ಥವಾಯಿತು. ಆ ಖುಷಿ ಇನ್ನೂ ಇಳಿದಿಲ್ಲ.

ಆಫೀಸಿನಲ್ಲಿ ಲಾಗ್ ಫೈಲು, ಅಂದ್ರೆ ಪ್ರೋಗ್ರಾಂ ಏನೇನು ಮಾಡಿತು ಅನ್ನೋ ದಾಖಲೆ, ಸೋಸುವ ಪುಟ್ಟ ಪ್ರೋಗ್ರಾಂಗಳನ್ನು ಈಗ ನಾನೇ ಪೈಥಾನ್‌ನಲ್ಲಿ ಬರೆಯುತ್ತೇನೆ. ಭಾನುವಾರ ಲೈಬ್ರರಿಯಲ್ಲಿ ಹಿರಿಯರಿಗೆ ಫೋನ್ ಬಳಸುವುದನ್ನು ಹೇಳಿಕೊಡುತ್ತೇನೆ. ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಯಾಕೆ ಇಡಬಾರದು ಅಂತ ಒಬ್ಬರು ಕೇಳಿದ್ದಾರೆ. ಈ ವಾರ ಅದರದ್ದೇ ತಯಾರಿ.