ಎಸ್‌ಪಿಡಿ (ಸಿಡಿಲಿನಂಥ ವೋಲ್ಟೇಜ್ ಹೊಡೆತವನ್ನು ಅರ್ತಿಗೆ ಹರಿಸುವ ಸಾಧನ) ಹಾಕಿಸಿದ್ದರೂ ಸಿಡಿಲಿಗೆ ಟಿವಿ, ರೂಟರ್ ಹೋಯಿತು. ತಪ್ಪಿದ್ದು ಎಲ್ಲಿ?

ತೋಟದಮನೆ_ಸುಳ್ಯ:
ಶನಿವಾರ ಸಂಜೆ ಅಂಗಳದ ಆಚೆಯ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಸುಳಿ ಕರಕಲಾಗಿದೆ. ಅಮ್ಮ ಅಡುಗೆಮನೆಯಲ್ಲಿದ್ದರು, ಅವರಿಗೆ ಏನೂ ಆಗಲಿಲ್ಲ, ಅದೇ ದೊಡ್ಡದು. ಆದರೆ ರೂಟರ್, ಕ್ಯಾಮೆರಾದ ರೆಕಾರ್ಡರ್, ಟಿವಿ ಮೂರೂ ಸತ್ತವು. ಫ್ರಿಜ್, ಮಿಕ್ಸಿ, ಬಲ್ಬು ಎಲ್ಲ ಸರಿಯಿವೆ. ಹೋದ ವರ್ಷ ಇನ್ವರ್ಟರ್ ಬೋರ್ಡ್ ಸುಟ್ಟ ಮೇಲೆ ಡಿಬಿಯಲ್ಲಿ (ಮನೆಯ ಫ್ಯೂಸ್ ಪೆಟ್ಟಿಗೆಯಲ್ಲಿ) ಟೈಪ್ 2 ಎಸ್‌ಪಿಡಿ ಹಾಕಿಸಿದ್ದೆ. ಅದರ ಕಿಟಕಿ ಈಗಲೂ ಹಸಿರೇ ತೋರಿಸುತ್ತಿದೆ, ಅಂದರೆ ಅದು ಕೆಟ್ಟಿಲ್ಲ. ರೂಟರ್ ಬಿಚ್ಚಿ ನೋಡಿದೆ. ಕರೆಂಟ್ ಬರುವ ಕಡೆ ಒಂದು ಕಲೆಯೂ ಇಲ್ಲ. ಲ್ಯಾನ್ (ನೆಟ್‌ವರ್ಕ್ ಕೇಬಲ್) ಪಿನ್ನುಗಳ ಹಿಂದೆ ಮಸಿ, ಅಲ್ಲೇ ಒಂದು ಚಿಪ್ಪಿನ ನೆತ್ತಿ ಹಾರಿಹೋಗಿದೆ. ಸಾಲ ಮಾಡಿ ತಂದ ಟಿವಿ, ಕಂತು ಇನ್ನೂ ಮುಗಿದಿಲ್ಲ. ಮತ್ತೆ ಹೀಗಾಗಬಾರದು. ಏನು ಮಾಡಲಿ?

ಮಲೆನಾಡಿಗ:
ಟಿವಿಗೆ ಒಳ್ಳೆ ಸ್ಟೆಬಿಲೈಸರ್ ಹಾಕಿ. ನಮ್ಮಲ್ಲಿ ಹತ್ತು ವರ್ಷದಿಂದ ಏನೂ ಆಗಿಲ್ಲ.

ವೈರಿಂಗ್_ಪುತ್ತೂರು:
ಸ್ಟೆಬಿಲೈಸರ್ ವೋಲ್ಟೇಜ್ ಏರಿಳಿತಕ್ಕೆ ಸರಿ, ಸಿಡಿಲಿಗಲ್ಲ. ಸಿಡಿಲಿನ ಹೊಡೆತ ಮೈಕ್ರೋ ಸೆಕೆಂಡುಗಳಲ್ಲಿ ಬಂದು ಮುಗಿಯುತ್ತದೆ, ಅಷ್ಟರಲ್ಲಿ ಅದರ ರಿಲೇ ಅಲುಗುವುದೂ ಇಲ್ಲ. ತಾನಾಗಿ ಬೀಳುವ ಸ್ವಿಚ್‌ಗಳಾದ ಎಂಸಿಬಿ, ಆರ್‌ಸಿಸಿಬಿಯದ್ದೂ ಅದೇ ಕತೆ.
ತೋಟದಮನೆಯವರೇ, ಎರಡು ವಿಷಯ ನೋಡಿ ಹೇಳಿ. ಕ್ಯಾಮೆರಾ ಎಲ್ಲಿದೆ, ಅದರ ಕೇಬಲ್ ಹೇಗೆ ಬಂದಿದೆ? ಎಸ್‌ಪಿಡಿಯ ಅರ್ತ್ ವೈರ್ ಎಲ್ಲಿಗೆ ಹೋಗಿದೆ?

ತೋಟದಮನೆ_ಸುಳ್ಯ:
ಕ್ಯಾಮೆರಾ ಪಂಪ್‌ಶೆಡ್ಡಿನಲ್ಲಿ. ಅಡಿಕೆ ಮರಗಳಿಗೆ ಕಟ್ಟಿಕೊಂಡು ಅರುವತ್ತು ಮೀಟರ್ ಲ್ಯಾನ್ ಕೇಬಲ್ ಎಳೆದಿದ್ದೇವೆ, ಆ ತೆಂಗಿನ ಮರದ ಬುಡದಲ್ಲೇ ಹಾದುಬರುತ್ತದೆ. ಎಲೆಕ್ಟ್ರಿಷಿಯನ್ ಎಸ್‌ಪಿಡಿಗೆ ನಮ್ಮ ಮನೆ ಹಿಂದೆ ಬೇರೆಯೇ ಅರ್ತ್ ಗುಂಡಿ ತೋಡಿ ಕೊಟ್ಟಿದ್ದಾರೆ. ಮನೆಯ ಹಳೆ ಅರ್ತ್ ಮುಂದುಗಡೆ ಇದೆ. ಎಸ್‌ಪಿಡಿಯ ಉಳಿದ ಅರ್ತ್ ವೈರನ್ನು ಸುರುಳಿ ಸುತ್ತಿ ಡಿಬಿ ಒಳಗೇ ಇಟ್ಟಿದ್ದಾರೆ.

ವೈರಿಂಗ್_ಪುತ್ತೂರು:
ಹಾಗಾದರೆ ಸಿಡಿಲು ಬಂದದ್ದು ಕರೆಂಟ್ ಲೈನಿನಲ್ಲಲ್ಲ, ಲ್ಯಾನ್ ಕೇಬಲಿನಲ್ಲಿ. ಮರಕ್ಕೆ ಬಡಿದಾಗ ಬುಡದ ನೆಲದ ವೋಲ್ಟೇಜೇ ಸಾವಿರಗಟ್ಟಲೆ ಏರುತ್ತದೆ. ನಮ್ಮ ಮುರಕಲ್ಲು ನೆಲ ಬೇಸಿಗೆಯಲ್ಲಿ ಒಣಗಿರುವಾಗ ಇನ್ನೂ ಜಾಸ್ತಿ. ಪಕ್ಕದ ಉದ್ದನೆಯ ತಾಮ್ರಕ್ಕೆ ಅದು ಹಿಡಿದರೆ ರೂಟರ್, ರೆಕಾರ್ಡರ್, ಅಲ್ಲಿಂದ ಎಚ್‌ಡಿಎಂಐಯಲ್ಲಿ ಟಿವಿ. ಎಸ್‌ಪಿಡಿ ಕಾಯುತ್ತಿದ್ದದ್ದು ಬೇರೆ ಬಾಗಿಲು.

ಆ ತಾಮ್ರದ ಕೇಬಲ್ ತೆಗೆದು ಫೈಬರ್ (ಬೆಳಕಿನಲ್ಲಿ ಸಿಗ್ನಲ್ ಒಯ್ಯುವ ಗಾಜಿನ ಎಳೆ) ಎಳೆಯಿರಿ, ಒಳಗೆ ಉಕ್ಕಿನ ತಂತಿ ಇಲ್ಲದ್ದು. ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಎರಡು ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ಫೈಬರನ್ನು ಲ್ಯಾನಿಗೆ ಜೋಡಿಸುವ ಪೆಟ್ಟಿಗೆ. ಕ್ಯಾಮೆರಾಕ್ಕೆ ಕರೆಂಟ್ ಶೆಡ್ಡಿನಿಂದಲೇ ಕೊಡಿ.

ಅರ್ತಿಂಗ್ ಸಂಗತಿ ಅದಕ್ಕಿಂತ ಮುಖ್ಯ. ಎಸ್‌ಪಿಡಿಗೊಂದು ಗುಂಡಿ, ಮನೆಗೊಂದು ಗುಂಡಿ ಅಂತ ಬಿಡಲೇಬೇಡಿ. ಸಿಡಿಲಿನ ಹೊತ್ತಿಗೆ ಎರಡರ ವೋಲ್ಟೇಜ್ ಬೇರೆಬೇರೆ ಆಗಿ ಆ ವ್ಯತ್ಯಾಸ ನಿಮ್ಮ ಫ್ರಿಜ್ಜಿನ ಮೇಲೆ ಬೀಳುತ್ತದೆ. ಎರಡನ್ನೂ ದಪ್ಪ ತಂತಿಯಿಂದ ಸೇರಿಸಿ. ಎಸ್‌ಪಿಡಿಯಿಂದ ಡಿಬಿಯ ಅರ್ತ್ ಪಟ್ಟಿಗೆ ನೇರ ವೈರ್ ಕೊಡಿ. ಲೈನ್ ಕಡೆಯದ್ದೂ ಸೇರಿ ಒಟ್ಟು ಅರ್ಧ ಮೀಟರ್ ದಾಟಬಾರದು. ಸಿಡಿಲಿನ ವೇಗಕ್ಕೆ ಒಂದು ಮೀಟರ್ ವೈರಿನಲ್ಲೂ ಸುಮಾರು ಸಾವಿರ ವೋಲ್ಟ್ ಏರುತ್ತದೆ, ಅದು ನಿಮ್ಮ ಉಪಕರಣಗಳ ಮೇಲೆಯೇ ಬೀಳುತ್ತದೆ. ಆ ಸುರುಳಿಯನ್ನು ಇವತ್ತೇ ಕತ್ತರಿಸಿ.

ಬೆಳ್ಳಾರೆ_ಅಕ್ಕ:
ಇಷ್ಟೆಲ್ಲ ಮಾಡಿದರೂ ಪ್ಲಗ್ ಕೀಳುವುದನ್ನು ಬಿಡಬೇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಡಿಶ್ ಕೇಬಲನ್ನೂ ಕೀಳಬೇಕು. ಗುಡುಗು ಕೇಳುವ ಮೊದಲೇ ಕೀಳಿ, ಶುರುವಾದ ಮೇಲೆ ಮುಟ್ಟಲು ಹೋಗಬೇಡಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ದಾಮಿನಿ ಆ್ಯಪ್ ಸುತ್ತಮುತ್ತ ಸಿಡಿಲಿದ್ದರೆ ತಿಳಿಸುತ್ತದೆ. ನಾನು ತೋಟಕ್ಕೆ ಇಳಿಯುವ ಮೊದಲು ನೋಡುತ್ತೇನೆ.

ತೋಟದಮನೆ_ಸುಳ್ಯ:
ಮೈನ್ ಇಳಿಸಿ, ಗೊತ್ತಿರುವವರನ್ನು ಕರೆಸಿ ಸುರುಳಿ ತೆಗೆಸಿದೆ. ಬಿಡಿಸಿ ಅಳೆದರೆ ಮೂರೂವರೆ ಮೀಟರ್. ಲ್ಯಾನ್ ಕೇಬಲನ್ನು ಸದ್ಯಕ್ಕೆ ಎರಡೂ ಕಡೆ ಬಿಚ್ಚಿಟ್ಟಿದ್ದೇನೆ. ಗುಂಡಿಗಳನ್ನು ಸೇರಿಸುವ ಕೆಲಸ ನಾಡಿದ್ದು.